ಹ್ಯಾಲೊಜೆನ್ ತೆಗೆದು ಎಲ್‌ಇಡಿ ಬಲ್ಬ್ ಹಾಕಿಸಬಹುದಾ?

ಪ್ರಶ್ನೆ: ನಾನು ಮೂಡಿಗೆರೆ ಕಡೆಯವನು, ಕಾಫಿ ತೋಟ ಇದೆ. ವಯಸ್ಸು 54. 2017ರ ವ್ಯಾಗನ್ ಆರ್ ಓಡಿಸುತ್ತೇನೆ. ಮಗಳು ಉಜಿರೆಯಲ್ಲಿ ಓದುತ್ತಿರುವುದರಿಂದ ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಓಡಾಟ ಆಗಾಗ ಇರುತ್ತದೆ. ಈಗೀಗ ಹೆಡ್‌ಲೈಟ್ ಏನೇನೂ ಸಾಲುತ್ತಿಲ್ಲ. ಮಳೆ ಬಂದರೆ ರಸ್ತೆಯ ಅಂಚೇ ಕಾಣುವುದಿಲ್ಲ. ಅದರ ಮೇಲೆ ಎದುರಿನ ಗಾಡಿಗಳ ಬಿಳಿ ಲೈಟು ಕಣ್ಣಿಗೆ ಹೊಡೆದರೆ ಸ್ವಲ್ಪ ಹೊತ್ತು ಕಣ್ಣು ಕತ್ತಲೆ ಕಟ್ಟುತ್ತದೆ. ಅಂಗಡಿಯೊಂದರಲ್ಲಿ ಕೇಳಿದೆ. 20,000 ಲ್ಯೂಮೆನ್ ಎಲ್‌ಇಡಿ, ಜೋಡಿಗೆ 3,200 ರೂಪಾಯಿ, ವೈರ್ ಕಟ್ ಮಾಡುವುದೇ ಬೇಡ, ಐದು ನಿಮಿಷದ ಕೆಲಸ ಅಂದರು. ನನ್ನ ಬಾಮೈದ ಆಗಲೇ ಹಾಕಿಸಿಕೊಂಡಿದ್ದಾನೆ, ‘ಹಗಲಿನ ಥರ ಕಾಣುತ್ತೆ ಭಾವ’ ಅನ್ನುತ್ತಾನೆ. ಇನ್ನೊಬ್ಬರು 100/90 ವಾಟಿನ ಬಲ್ಬ್ ಹಾಕಿದರೆ ಸಾಕು ಅಂತಾರೆ. ಎಲ್‌ಇಡಿ ಹಾಕಿದರೆ ಪೊಲೀಸರು ದಂಡ ಹಾಕುತ್ತಾರಾ? ವೈರಿಂಗ್ ಸುಡುತ್ತದಾ? ಇನ್ಶೂರೆನ್ಸಿಗೆ ತೊಂದರೆಯಾ? ಮಂಜಿಗೆ ಹಳದಿ ಬೆಳಕೇ ಒಳ್ಳೆಯದು ಅನ್ನುವುದು ನಿಜವಾ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ನಿಮ್ಮ ಗಾಡಿಯ ಬೆಳಕು ಸಾಲುತ್ತಿಲ್ಲ, ಅದು ಒಂದು. ಎದುರಿನ ಗಾಡಿಯ ಬೆಳಕನ್ನು ತಡೆಯಲಾಗುತ್ತಿಲ್ಲ, ಅದು ಇನ್ನೊಂದು. ಎಲ್‌ಇಡಿ ಬಲ್ಬು ಎರಡನೆಯದಕ್ಕೆ ಮದ್ದೇ ಅಲ್ಲ. ನಿಮ್ಮ ಕಣ್ಣಿಗೆ ಹೊಡೆಯುವ ಗಾಡಿಗಳಲ್ಲಿ ಎಷ್ಟೋ ಇಂಥದೇ ಬಲ್ಬು ಹಾಕಿಸಿಕೊಂಡಿರುತ್ತವೆ. ಇನ್ನು ಮೊದಲನೆಯದಕ್ಕೆ? ನಿಮ್ಮ ಗಾಡಿಗೆ ಅದನ್ನು ಹಾಕಿಸಬೇಡಿ ಅಂತಲೇ ನಾನು ಹೇಳುತ್ತೇನೆ. ಎಲ್‌ಇಡಿ ಕೆಟ್ಟದ್ದು ಅಂತಲ್ಲ. ಹ್ಯಾಲೊಜೆನ್‌ಗೆ ಅಂತ ಮಾಡಿದ ಆ ಹೆಡ್‌ಲೈಟಿಗೆ ಅದು ಹೊಂದುವುದಿಲ್ಲ, ಅಷ್ಟೇ.

ಮೊದಲು 20,000 ಲ್ಯೂಮೆನ್ ಲೆಕ್ಕ ನೋಡೋಣ. ಲ್ಯೂಮೆನ್ ಅಂದರೆ ಬಲ್ಬು ಕೊಡುವ ಒಟ್ಟು ಬೆಳಕಿನ ಅಳತೆ. ನಿಮ್ಮ ಗಾಡಿಯಲ್ಲಿರುವುದು ಎಚ್4 ಮಾದರಿಯ ಬಲ್ಬು, 60/55 ವಾಟ್, ಅಂದರೆ ಬ್ರೈಟಿಗೆ 60, ಡಿಮ್‌ಗೆ 55. ಅದರ ಡಿಮ್ ತಂತಿ ಕೊಡುವುದು ಸುಮಾರು 1,000 ಲ್ಯೂಮೆನ್, ಬ್ರೈಟ್ ತಂತಿ ಸುಮಾರು 1,650. ಬದಲಿಗೆ ಹಾಕುವ ಎಲ್‌ಇಡಿ ಬಲ್ಬುಗಳು ಸಾಮಾನ್ಯವಾಗಿ ಒಂದೊಂದೂ 25ರಿಂದ 30 ವಾಟ್ ಎಳೆಯುತ್ತವೆ. ಜೋಡಿಗೆ 60 ವಾಟ್ ಅಂತಲೇ ಇಟ್ಟುಕೊಳ್ಳಿ. 60 ವಾಟಿನಿಂದ 20,000 ಲ್ಯೂಮೆನ್ ಬರಬೇಕಾದರೆ ಒಂದು ವಾಟಿಗೆ 333 ಲ್ಯೂಮೆನ್ ಆಯಿತು. ಬಿಸಿ ಎಂಜಿನ್ ಪಕ್ಕದಲ್ಲಿ, ಬೆರಳು ಗಾತ್ರದ ಬಲ್ಬಿನಲ್ಲಿ ಅದು ಆಗದ ಮಾತು. ವಾಟಿಗೆ 100ರ ಆಸುಪಾಸು ಬಂದರೆ ಒಳ್ಳೆಯ ಮಾಲು ಅನ್ನಬಹುದು. ಅಂಗಡಿಯವರು ಬೇಕಂತಲೇ ಸುಳ್ಳು ಹೇಳುತ್ತಾರೆ ಅಂತ ನಾನು ಹೇಳಲ್ಲ. ಡಬ್ಬಿ ಮೇಲೆ ಇರುವುದನ್ನು ಅವರು ಓದುತ್ತಾರೆ. ಡಬ್ಬಿ ಮೇಲೆ ಏನು ಬೇಕಾದರೂ ಅಚ್ಚು ಹಾಕಬಹುದು ಅಲ್ವಾ.

ಆದರೂ ಒಂದು ಮಾತು ಒಪ್ಪಬೇಕು. 20,000 ಅಲ್ಲದಿದ್ದರೂ ಎರಡು ಸಾವಿರದಷ್ಟು ಬಂದರೆ ಹ್ಯಾಲೊಜೆನ್ ಡಿಮ್‌ಗಿಂತ ಜಾಸ್ತಿಯೇ. ನಿಮ್ಮ ಬಾಮೈದ ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಬೆಳಕು ಜಾಸ್ತಿ ಬರುತ್ತದೆ. ಅದು ಎಲ್ಲಿ ಹೋಗಿ ಬೀಳುತ್ತದೆ ಅನ್ನುವುದನ್ನು ನೋಡಬೇಕು. ತೋಟದಲ್ಲಿ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಂಪ್ ಎಷ್ಟೇ ದೊಡ್ಡದಿರಲಿ, ಸ್ಪ್ರಿಂಕ್ಲರಿಗೆ ಸೇರದ ನಾಜಲ್ ಹಾಕಿದರೆ ನೀರು ಪಕ್ಕದವರ ತೋಟಕ್ಕೆ ಹಾರುತ್ತದೆ.

ಹಳೆಯ ಎಚ್4 ಬಲ್ಬು ಇದ್ದರೆ ಕೈಯಲ್ಲಿ ಹಿಡಿದು ನೋಡಿ. ಗಾಜಿನೊಳಗೆ ಎರಡು ಸುರುಳಿ ತಂತಿಗಳಿವೆ. ಒಂದೊಂದೂ ಐದಾರು ಮಿಲಿಮೀಟರ್ ಉದ್ದ ಅಷ್ಟೇ. ಮುಂದಿನ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲು ಇದೆ. ಅದೇ ಡಿಮ್ ತಂತಿ. ಡಿಮ್ ಹಾಕಿದಾಗ ಆ ತಂತಿಯಿಂದ ಕೆಳಮುಖವಾಗಿ ಹೋಗುವ ಬೆಳಕನ್ನು ಬಟ್ಟಲು ತಡೆಯುತ್ತದೆ. ರಿಫ್ಲೆಕ್ಟರಿನ (ಬಲ್ಬಿನ ಸುತ್ತಲಿನ ಹೊಳೆಯುವ ಬೋಗುಣಿಯ) ಮೇಲರ್ಧಕ್ಕೆ ಮಾತ್ರ ಬೆಳಕು ಬಿದ್ದು, ಅಲ್ಲಿಂದ ಕೆಳಕ್ಕೆ, ರಸ್ತೆಯ ಕಡೆಗೆ ತಿರುಗುತ್ತದೆ. ಗೋಡೆಗೆ ಹೆಡ್‌ಲೈಟ್ ಹಿಡಿದರೆ ಅಡ್ಡಕ್ಕೆ ಒಂದು ಗೆರೆ ಕಾಣುತ್ತದಲ್ಲ, ಮೇಲೆ ಕತ್ತಲೆ, ಕೆಳಗೆ ಬೆಳಕು? ಎಡಗಡೆ ಸ್ವಲ್ಪ ಮೇಲಕ್ಕೆ ಏರಿರುತ್ತದೆ. ಆ ಗೆರೆ ಹುಟ್ಟುವುದು ಆ ಪುಟ್ಟ ಬಟ್ಟಲು ಮತ್ತು ರಿಫ್ಲೆಕ್ಟರ್ ಸೇರಿ. ಹಿಂದಿನ ತಂತಿಗೆ ಬಟ್ಟಲು ಇಲ್ಲ. ಅದು ಬ್ರೈಟ್, ಇಡೀ ರಿಫ್ಲೆಕ್ಟರ್ ಬಳಸಿಕೊಂಡು ಬೆಳಕನ್ನು ನೇರ ದೂರಕ್ಕೆ ಎಸೆಯುತ್ತದೆ.

ರಿಫ್ಲೆಕ್ಟರಿನ ಒಂದೊಂದು ಮುಖವನ್ನೂ ಆ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ತಂತಿ ಒಂದು ಮಿಲಿಮೀಟರ್ ಆಚೀಚೆ ಆದರೂ ರಸ್ತೆಯ ಮೇಲಿನ ಬೆಳಕು ಬದಲಾಗುತ್ತದೆ. ಈಗ ಎಲ್‌ಇಡಿ ಬಲ್ಬು ನೋಡಿ. ಒಂದು ತಗಡಿನ ಎರಡು ಬದಿಗೆ ಚಿಪ್ ಅಂಟಿಸಿರುತ್ತಾರೆ. ತಗಡಿಗೆ ಅದರದೇ ದಪ್ಪ ಇದೆ, ಹಾಗಾಗಿ ಎರಡು ಬದಿಯ ಚಿಪ್‌ಗಳೂ ತಂತಿ ಇರಬೇಕಾದ ಜಾಗದಿಂದ ಸ್ವಲ್ಪ ಸ್ವಲ್ಪ ಆಚೆ ಕೂರುತ್ತವೆ. ತಂತಿಯ ಬೆಳಕು ಸುತ್ತಲೂ ಹರಡುತ್ತದೆ, ಚಿಪ್‌ನದು ಎಡಕ್ಕೂ ಬಲಕ್ಕೂ ಮಾತ್ರ ಜೋರು. ಚೆನ್ನಾಗಿ ಮಾಡಿದ ಬಲ್ಬುಗಳಲ್ಲಿ ತಗಡು ತೆಳ್ಳಗಿರುತ್ತದೆ, ಬಟ್ಟಲನ್ನೂ ಹೋಲುವಂತೆ ಮಾಡಿರುತ್ತಾರೆ, ತಪ್ಪು ಕಡಿಮೆಯಾಗುತ್ತದೆ. ಆದರೆ ಹೋಗುವುದಿಲ್ಲ. ಒಂದಷ್ಟು ಬೆಳಕು ಗೆರೆ ದಾಟಿ ಮೇಲಕ್ಕೆ ಹೋಗುತ್ತದೆ, ಎದುರಿನವರ ಕಣ್ಣಿಗೆ. ಇನ್ನಷ್ಟು ಗಾಡಿಯ ಮೂತಿಯ ಮುಂದೆಯೇ ಬೀಳುತ್ತದೆ. ದೂರಕ್ಕೆ ಹೋಗಬೇಕಾದ್ದು ಹರಿದು ಹಂಚಿಹೋಗುತ್ತದೆ.

‘ಹಗಲಿನ ಥರ’ ಅನ್ನಿಸುವುದು ಈ ಮೂತಿಯ ಮುಂದಿನ ಬೆಳಕಿನಿಂದ. ಮುಂದಿನ ಹತ್ತು ಹದಿನೈದು ಮೀಟರ್ ಬೆಳ್ಳಗೆ ಹೊಳೆಯುತ್ತದೆ, ಅಗಲವಾಗಿಯೂ ಇರುತ್ತದೆ. ಕಣ್ಣಿಗೆ ಅದು ಬಹಳ ಹಿತ. ಆದರೆ ಹತ್ತಿರದ ಬೆಳಕು ಜಾಸ್ತಿಯಾದಷ್ಟೂ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ದೂರದ ಮಬ್ಬು ವಸ್ತು ಇನ್ನೂ ಮಬ್ಬಾಗುತ್ತದೆ. ನಮಗೆ ಬೇಕಾದದ್ದೇ ದೂರದ್ದು. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಹದಿನೇಳು ಮೀಟರ್ ಹತ್ತಿರ. ಅಡ್ಡ ಬಂದ ದನ ನೋಡಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ, ಅಂದರೆ ಒಂದೂವರೆ ಸೆಕೆಂಡಿನಲ್ಲಿ, 25 ಮೀಟರ್ ಹೋಗಿರುತ್ತದೆ. ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೊಂದು 30 ಮೀಟರ್ ಬೇಕು. ಒಟ್ಟು 55. ಹದಿನೈದು ಮೀಟರಿನ ಹಗಲು ಕಟ್ಟಿಕೊಂಡು ಏನು ಮಾಡೋದು?

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ಒಂದು ರಾತ್ರಿ ನಿಮ್ಮ ಗಾಡಿ, ಬಾಮೈದನ ಗಾಡಿ ಎರಡನ್ನೂ ಸಮತಟ್ಟಾದ ಕಣದಲ್ಲಿ ಗೋಡೆ ಎದುರು ನಿಲ್ಲಿಸಿ, ಡಿಮ್ ಹಾಕಿ. ಗೆರೆಯ ಮೇಲಿನ ಕತ್ತಲೆ ಎಷ್ಟು ಕತ್ತಲೆಯಾಗಿದೆ ನೋಡಿ. ಆಮೇಲೆ ಎದುರಿಗೆ ಎಂಟು ಮೀಟರ್ ದೂರ ಹೋಗಿ, ಲೈಟಿನ ಸ್ವಲ್ಪ ಬಲಕ್ಕೆ (ಗಾಡಿಯ ಡ್ರೈವರ್ ಸೀಟಿನ ಕಡೆಗೆ) ಸರಿದು, ಕಣ್ಣು ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ ಬರುವಂತೆ ಸ್ವಲ್ಪ ಬಗ್ಗಿ ನಿಂತು ನೋಡಿ. ಈ ಅಳತೆ ನಾನು ಕಟ್ಟಿದ್ದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ಹೆಚ್ಚುಕಡಿಮೆ ಇದೇ ಜಾಗದಲ್ಲಿ ನಿಂತವರ ಕಣ್ಣು ಕುಕ್ಕಬಾರದು ಅನ್ನುತ್ತದೆ.

ನಿಯಮದ ಮಾತು ಬಂತಲ್ಲ, ದಂಡದ ವಿಷಯ ಇಲ್ಲೇ ಮುಗಿಸುತ್ತೇನೆ. ಹೌದು, ದಂಡ ಬೀಳಬಹುದು. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದ ಉದ್ದಗಲಕ್ಕೂ ಕಾರ್ಯಾಚರಣೆ ಮಾಡಿದ್ದು ನಿಮಗೂ ನೆನಪಿರಬಹುದು. ಆಗ ಕೇಸು ಹಾಕಿದ್ದು ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ. ಅದರಲ್ಲಿ ಮೊದಲ ಸಲ 500 ರೂಪಾಯಿ ತನಕ, ಮತ್ತೆ ಸಿಕ್ಕಿಬಿದ್ದರೆ 1,500 ತನಕ ದಂಡ. ಅದಕ್ಕಿಂತ ಭಾರದ್ದು ಇನ್ನೊಂದಿದೆ. ಒಪ್ಪಿಗೆ ಇಲ್ಲದ ಭಾಗ ಹಾಕಿ ಗಾಡಿ ಬದಲಾಯಿಸಿದರೆ 182ಎ ಸೆಕ್ಷನ್ನಿನಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬಲ್ಬ್ ಬದಲಾಯಿಸಿದವರನ್ನು ಜೈಲಿಗೆ ಕಳಿಸಿದ್ದು ನಾನಂತೂ ಕೇಳಿಲ್ಲ. ಆದರೆ ‘ಇದು ಲೀಗಲ್ ಸಾರ್, ಎಲ್ಲರೂ ಹಾಕ್ತಾರೆ’ ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ನಿಮ್ಮದು ಸ್ವಂತ ಕಾರು, ಹದಿನೈದು ವರ್ಷದ ತನಕ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಕೇಳುವುದಿಲ್ಲ, ಹಾಗಾಗಿ ಆರ್‌ಟಿಒದಲ್ಲಿ ಸದ್ಯಕ್ಕೆ ಯಾರೂ ನೋಡಲ್ಲ. ಹಳದಿ ಬೋರ್ಡಿನ ಗಾಡಿಯವರಿಗೆ ಆ ಅದೃಷ್ಟ ಇಲ್ಲ.

ಇನ್ಶೂರೆನ್ಸ್ ಬಗ್ಗೆ ಎರಡೂ ಕಡೆಯವರು ಉತ್ಪ್ರೇಕ್ಷೆ ಮಾಡುತ್ತಾರೆ. ಎಲ್‌ಇಡಿ ಹಾಕಿದ ತಕ್ಷಣ ಪಾಲಿಸಿ ರದ್ದಾಗುತ್ತದೆ ಅನ್ನುವುದು ಸುಳ್ಳು. ಹಿಂದಿನಿಂದ ಯಾರೋ ಗುದ್ದಿದರೆ ಸರ್ವೇಯರ್ ನಿಮ್ಮ ಹೆಡ್‌ಲೈಟ್ ಬಿಚ್ಚಿ ನೋಡಲ್ಲ. ಆದರೆ ಬಾನೆಟ್ ಒಳಗೆ ಬೆಂಕಿ ಹತ್ತಿತು, ಅಲ್ಲಿ ಕಟ್ ಮಾಡಿ ಟೇಪ್ ಸುತ್ತಿದ ವೈರ್ ಸಿಕ್ಕಿತು ಅಂದರೆ ಪ್ರಶ್ನೆ ಏಳುತ್ತದೆ. ಎದುರಿನವರ ಕಣ್ಣು ಕುಕ್ಕಿ ಅಪಘಾತವಾಯಿತು ಅಂತ ಕೇಸಾದರೂ ಏಳುತ್ತದೆ. ಹೊರಗಿನಿಂದ ಏನು ಹಾಕಿಸಿದರೂ ಕಂಪನಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ವೈರಿಂಗ್ ಸುಡುತ್ತದಾ ಅಂತ ಕೇಳಿದ್ದೀರಿ. ಎಲ್‌ಇಡಿಯಿಂದ ಸುಡುವುದಿಲ್ಲ. ಅದು ಹ್ಯಾಲೊಜೆನ್‌ಗಿಂತ ಕಡಿಮೆ ಕರೆಂಟ್ ಎಳೆಯುತ್ತದೆ. ಸುಡುವುದು ನಿಮ್ಮ ಇನ್ನೊಬ್ಬ ಸ್ನೇಹಿತರು ಹೇಳಿದ 100/90. ಕಂಪನಿ ವೈರ್ ಲೆಕ್ಕ ಹಾಕಿರುವುದು 55–60 ವಾಟಿಗೆ, ಅಂದರೆ ಬಲ್ಬಿಗೆ ಐದು ಆಂಪಿಯರಿನ ಒಳಗೆ. 90 ವಾಟಿಗೆ ಏಳೂವರೆ, 100 ವಾಟಿಗೆ ಎಂಟು ದಾಟುತ್ತದೆ. ಹೋಲ್ಡರ್ ಮೊದಲು ಕಂದು ಬಣ್ಣಕ್ಕೆ ತಿರುಗಿ, ಆಮೇಲೆ ಕರಗಿ ಬಲ್ಬಿಗೆ ಅಂಟಿಕೊಳ್ಳುತ್ತದೆ. ಜೊತೆಗೆ ಆ ಬಿಸಿಗೆ ರಿಫ್ಲೆಕ್ಟರಿನ ಬೆಳ್ಳಿಯಂತೆ ಹೊಳೆಯುವ ಲೇಪ ಮಂಕಾಗುತ್ತದೆ. ಅಷ್ಟಾದ ಮೇಲೆ ಯಾವ ಬಲ್ಬು ಹಾಕಿದರೂ ಬೆಳಕು ಬರಲ್ಲ. ಅದರ ಆಸೆ ಬಿಟ್ಟುಬಿಡಿ, ಅದೂ ಕಾನೂನಿಗೆ ವಿರುದ್ಧವೇ.

ಎಲ್‌ಇಡಿಯ ಬಿಸಿ ಬೇರೆ ಥರದ್ದು. ಹ್ಯಾಲೊಜೆನ್ ಬಿಸಿಯನ್ನು ಮುಂದಕ್ಕೆ ಬಿಡುತ್ತದೆ, ಎಲ್‌ಇಡಿ ಹಿಂದಕ್ಕೆ. ಅದಕ್ಕೇ ಅದರ ಬೆನ್ನಿಗೆ ಪುಟ್ಟ ಫ್ಯಾನ್ ಇರುತ್ತದೆ. ನಿಮ್ಮ ಹೆಡ್‌ಲೈಟಿನ ಹಿಂದೆ ರಬ್ಬರ್ ಟೋಪಿ ಇದೆಯಲ್ಲ, ಅದರೊಳಗೆ ಫ್ಯಾನ್ ಸಿಕ್ಕಿಕೊಂಡರೆ ಗಾಳಿ ಆಡದೆ ಚಿಪ್ ಕಾದು, ಅರ್ಧ ಗಂಟೆಯಲ್ಲಿ ಬೆಳಕು ಇಳಿಯುತ್ತದೆ. ಐದು ನಿಮಿಷದ ಕೆಲಸದವರು ಆಗ ಮಾಡುವುದೇನು ಗೊತ್ತಾ? ರಬ್ಬರ್ ಟೋಪಿಯನ್ನು ಬ್ಲೇಡಿನಲ್ಲಿ ಕೊಯ್ದು ತೂತು ಮಾಡುತ್ತಾರೆ, ಇಲ್ಲವೇ ಕಿತ್ತು ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಹಾಕಿಬಿಡುತ್ತಾರೆ. ಬೇಸಿಗೆಯಲ್ಲಿ ಪರವಾಗಿಲ್ಲ ಅನ್ನಿಸುತ್ತದೆ. ಜೂನ್ ಬಂದ ಮೇಲೆ ನಿಮ್ಮ ಮಳೆಗೆ ಹೆಡ್‌ಲೈಟ್ ಒಳಗೆಲ್ಲ ತೇವ, ಗಾಜಿನ ಒಳಮೈಗೆ ಹನಿ. ಹ್ಯಾಲೊಜೆನ್ ಇದ್ದಿದ್ದರೆ ಅದರ ಬಿಸಿಗೆ ಒಂದಿಷ್ಟು ಆರುತ್ತಿತ್ತು. ಎಲ್‌ಇಡಿಯ ಮುಂಭಾಗ ತಣ್ಣಗಿರುವುದರಿಂದ ತೇವ ಅಲ್ಲೇ ಕೂರುತ್ತದೆ. ಕೆಲವು ಅಗ್ಗದ ಬಲ್ಬು ಹಾಕಿದ ಮೇಲೆ ಎಫ್‌ಎಂ ರೇಡಿಯೊದಲ್ಲಿ ಕರಕರ ಶಬ್ದ ಬರುವುದೂ ಉಂಟು.

ಮಂಜು ಮತ್ತು ಹಳದಿ ಬೆಳಕಿನ ಕಥೆಗೆ ಬರೋಣ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ, ನೀಲಿ ಚದುರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಫ್ರಾನ್ಸಿನಲ್ಲಂತೂ 1993ರವರೆಗೆ ಹೆಡ್‌ಲೈಟ್ ಹಳದಿಯೇ ಇರಬೇಕು ಅಂತ ಕಾನೂನಿತ್ತು. ಆಕಾಶ ನೀಲಿಯಾಗಿ ಕಾಣುವುದಕ್ಕೆ ಕೊಡುವ ವಿವರಣೆಯನ್ನು ಜನ ಇಲ್ಲಿಗೂ ತಂದು ಹೊಂದಿಸಿದ್ದಾರೆ. ಆದರೆ ಮಂಜಿನ ಹನಿ ಗಾಳಿಯ ಕಣದಷ್ಟು ಸಣ್ಣದಲ್ಲ. ಬೆಳಕಿನ ಅಲೆಗಿಂತ ಎಷ್ಟೋ ಪಾಲು ದೊಡ್ಡದು. ಅಷ್ಟು ದೊಡ್ಡ ಹನಿ ಹಳದಿ, ನೀಲಿ ಅಂತ ಭೇದ ಮಾಡಲ್ಲ, ಎರಡನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತದೆ. ಹಾಗಂತ ಬಣ್ಣಕ್ಕೆ ಲೆಕ್ಕವೇ ಇಲ್ಲ ಅಂತಲ್ಲ. ಚದುರಿ ವಾಪಸ್ ಬರುವ ನೀಲಿ ಮಿಶ್ರಿತ ಬಿಳಿ ನಮ್ಮ ಕಣ್ಣಿಗೆ ಹೆಚ್ಚು ಕಿರಿಕಿರಿ ಮಾಡುತ್ತದೆ. ಅಂಗಡಿಯ ಎಲ್‌ಇಡಿ ಸಾಮಾನ್ಯವಾಗಿ 6,000–6,500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ನೀಲಿಗೆ ಹತ್ತಿರ. ನಿಮ್ಮ ಹ್ಯಾಲೊಜೆನ್ 3,200ರ ಆಸುಪಾಸು, ತಾನಾಗಿಯೇ ಹಳದಿ. ಮಂಜಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಬೆಳಕು ಕೆಳಗಿನಿಂದ, ಚಪ್ಪಟೆಯಾಗಿ, ಅಗಲವಾಗಿ ಬರುವುದು. ಬಂಪರಿನಲ್ಲಿ ಕಂಪನಿಯ ಫಾಗ್ ಲ್ಯಾಂಪ್ ಇಲ್ಲದಿದ್ದರೆ ಹಾಕಿಸಬಹುದು. ಬ್ರೈಟ್ ಮಾತ್ರ ಹಾಕಬೇಡಿ, ಕಣ್ಣೆದುರು ಬಿಳಿ ಗೋಡೆ ಎದ್ದ ಹಾಗಾಗುತ್ತದೆ.

ಮಳೆಯಲ್ಲಿ ಅಂಚು ಕಾಣದಿರುವುದಕ್ಕೆ ಕಾರಣ ಬೇರೆ. ಒಣ ಟಾರು ಒರಟಾಗಿರುತ್ತದೆ, ಬಿದ್ದ ಬೆಳಕಿನಲ್ಲಿ ಒಂದಿಷ್ಟು ನಿಮ್ಮ ಕಡೆಗೇ ವಾಪಸ್ ಬರುತ್ತದೆ. ಅದರ ಮೇಲೆ ನೀರು ನಿಂತರೆ ಕನ್ನಡಿ ಆಯಿತು. ನಿಮ್ಮ ಬೆಳಕು ಜಾರಿ ಮುಂದಕ್ಕೆ ಹೋಗುತ್ತದೆ, ಎದುರಿನವರ ಬೆಳಕು ಜಾರಿ ನಿಮ್ಮ ಕಣ್ಣಿಗೆ ಬರುತ್ತದೆ. ಅಂಚಿನ ಬಿಳಿ ಪಟ್ಟಿಯಲ್ಲಿ ಹೊಳೆಯಲೆಂದು ಸೇರಿಸಿದ ಗಾಜಿನ ಮಣಿಗಳೂ ನೀರಿನೊಳಗೆ ಮುಳುಗಿ ಸುಮ್ಮನಾಗುತ್ತವೆ. ಲೈಟು ಎಷ್ಟು ಜೋರು ಮಾಡಿದರೂ ಈ ಕನ್ನಡಿ ಹೋಗಲ್ಲ. ಮಳೆಯ ರಾತ್ರಿ ವೇಗ ಇಳಿಸದೆ ಬೇರೆ ದಾರಿ ಇಲ್ಲ.

ಸರಿ, ಹಾಗಾದರೆ ಮಾಡುವುದೇನು? ನಿಮ್ಮ ಗಾಡಿಗೆ ಎಂಟು ವರ್ಷ ದಾಟಿದೆ. ಹೊಸದರಲ್ಲಿ ಬರುತ್ತಿದ್ದ ಬೆಳಕು ಈಗ ಬರುತ್ತಿಲ್ಲ. ಮೊದಲು ಅದನ್ನು ವಾಪಸ್ ತರಬೇಕು.

ಹೆಡ್‌ಲೈಟಿನ ಮುಂದಿನ ‘ಗಾಜು’ ಗಾಜಲ್ಲ, ಪ್ಲಾಸ್ಟಿಕ್. ಬಿಸಿಲಿಗೆ ಹಳದಿಯಾಗಿ, ಮಂಕಾಗಿರುತ್ತದೆ. ಹಗಲಲ್ಲಿ ಹೊಸ ಗಾಡಿಯ ಪಕ್ಕ ನಿಲ್ಲಿಸಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಮಂಕು ಹೊರಮೈಯಲ್ಲಿದ್ದರೆ ನೀರು ಹಾಕುತ್ತ 1000, 2000, 3000 ನಂಬರಿನ ಮರಳು ಕಾಗದದಲ್ಲಿ ಉಜ್ಜಿ, ಪಾಲಿಶ್ ಹೊಡೆದು, ಕೊನೆಗೆ ಬಿಸಿಲು ತಡೆಯುವ ಯುವಿ ಕೋಟಿಂಗ್ ಹಚ್ಚಬೇಕು. ಕೋಟಿಂಗ್ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಉಪಾಯವೂ ಇದೇ ಜಾತಿಯದು, ನಾಲ್ಕು ದಿನದ ಹೊಳಪು. ಮಂಕು ಒಳಗಡೆ ಇದ್ದರೆ, ಅಥವಾ ಒಳಗಿನ ಹೊಳೆಯುವ ಲೇಪ ಸುಲಿದಿದ್ದರೆ, ಉಜ್ಜಿ ಪ್ರಯೋಜನ ಇಲ್ಲ, ಇಡೀ ಹೆಡ್‌ಲೈಟ್ ಅಸೆಂಬ್ಲಿಯನ್ನೇ ಬದಲಾಯಿಸಬೇಕು. ಕಂಪನಿಯದ್ದೇ ತೆಗೆದುಕೊಳ್ಳಿ. ಅರ್ಧ ಬೆಲೆಯ ನಕಲಿಯಲ್ಲಿ ರಿಫ್ಲೆಕ್ಟರಿನ ಲೆಕ್ಕವೇ ಸರಿ ಇರಲ್ಲ.

ಎರಡನೆಯದು ಬಹಳ ಮೆಕ್ಯಾನಿಕ್‌ಗಳು ನೋಡದೇ ಬಿಡುವ ಸಂಗತಿ, ವೋಲ್ಟೇಜ್. ನನ್ನ ಕೆಲಸವೇ ಗಾಡಿಗಳ ವೈರಿಂಗ್ ಆದ್ದರಿಂದ ಇದರ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ ಅಂದುಕೊಳ್ಳಿ. ಬೆಳಕು ಸಾಲದು ಅಂತ ಬಂದ ಒಂದು ಹಳೆಯ ಕಾರಿನಲ್ಲಿ ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಮೀಟರ್ ಇಟ್ಟರೆ 13.9 ವೋಲ್ಟ್. ಲೈಟ್ ಉರಿಯುತ್ತಿರುವಾಗಲೇ ಹೋಲ್ಡರಿನ ಹಿಂದೆ ಮೀಟರಿನ ಕಡ್ಡಿ ಚುಚ್ಚಿದರೆ 11.8. ಎರಡು ವೋಲ್ಟ್ ದಾರಿಯಲ್ಲೇ ಮಾಯ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ತುಂಬಾ ಇಳಿಯುತ್ತದೆ. ಕಾರ್ಖಾನೆಯಲ್ಲಿ ಬಲ್ಬನ್ನು ಅಳೆಯುವುದು 13.2 ವೋಲ್ಟಿನಲ್ಲಿ. ಅದು 11.8ಕ್ಕೆ ಇಳಿದರೆ ಮೂರರಲ್ಲಿ ಒಂದು ಪಾಲು ಬೆಳಕು ಹೋದ ಹಾಗೆ. ಆ ಗಾಡಿಯಲ್ಲಿ ಅರ್ಥ್ ಬೋಲ್ಟಿಗೆ (ವೈರನ್ನು ಗಾಡಿಯ ಮೈಗೆ ಸೇರಿಸುವ ಬೋಲ್ಟು) ತುಕ್ಕು ಹಿಡಿದಿತ್ತು, ಹೋಲ್ಡರಿನ ಪಿನ್ನು ಕಪ್ಪಾಗಿತ್ತು. ಬೋಲ್ಟ್ ಬಿಚ್ಚಿ, ತಗಡು ಹೊಳೆಯುವವರೆಗೆ ಉಜ್ಜಿ, ಹೋಲ್ಡರ್ ಹೊಸದು ಹಾಕಿದ್ದಕ್ಕೇ ಮುಕ್ಕಾಲು ಪಾಲು ಸರಿಹೋಯಿತು.

ನಿಮ್ಮ ಗಾಡಿಯಲ್ಲೂ ಇದನ್ನು ಅಳೆಸಿ. ಲೈಟ್ ಉರಿಯುತ್ತಿರುವಾಗಲೇ ಅಳೆಯಬೇಕು. ಬಲ್ಬ್ ತೆಗೆದು ಅಳೆದರೆ ಯಾವಾಗಲೂ ಚೆನ್ನಾಗೇ ತೋರಿಸುತ್ತದೆ, ಅದಕ್ಕೆ ಅರ್ಥವಿಲ್ಲ. ಬ್ಯಾಟರಿಗೂ ಹೋಲ್ಡರಿಗೂ ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮೊದಲು ಅರ್ಥ್, ಹೋಲ್ಡರ್ ನೋಡಿಸಿ. ಅದರಿಂದಲೂ ಆಗದಿದ್ದರೆ ರಿಲೇ ಕಿಟ್ ಹಾಕಿಸಬಹುದು. ದಪ್ಪ ವೈರಿನಲ್ಲಿ ಬ್ಯಾಟರಿಯಿಂದ ನೇರ ಬಲ್ಬಿಗೆ ಕರೆಂಟ್ ಹೋಗುತ್ತದೆ, ಹಳೆಯ ಹೋಲ್ಡರ್ ಬರೀ ರಿಲೇ ಅನ್ನುವ ಸ್ವಿಚ್ಚನ್ನು ಆನ್ ಮಾಡುವ ಕೆಲಸ ಮಾಡುತ್ತದೆ. ವೈರ್ ಕಟ್ ಮಾಡುವುದು ಬೇಡ. ಆದರೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು. ಫ್ಯೂಸ್ ಇಲ್ಲದ ಅಗ್ಗದ ಕಿಟ್ ನೋಡಿದ್ದೇನೆ. ಅದು ಬೆಂಕಿಗೆ ಆಹ್ವಾನ. ವೋಲ್ಟೇಜ್ ಸರಿಯಾಗಿ ಸಿಕ್ಕ ಮೇಲೆ ಬಲ್ಬಿನ ಆಯುಸ್ಸು ಸ್ವಲ್ಪ ಕಡಿಮೆಯಾಗುತ್ತದೆ, ಅದು ಸಹಜ.

ಆಮೇಲೆ ಬಲ್ಬು. ಹ್ಯಾಲೊಜೆನ್ ಉರಿಯುತ್ತಾ ಉರಿಯುತ್ತಾ ಮಂಕಾಗುತ್ತದೆ, ಸುಟ್ಟುಹೋಗುವವರೆಗೆ ಕಾಯಬಾರದು. ಎರಡನ್ನೂ ಒಟ್ಟಿಗೆ ಬದಲಾಯಿಸಿ. ಅದೇ 60/55 ವಾಟಿನಲ್ಲಿ ಆಸ್ರಮ್ ನೈಟ್ ಬ್ರೇಕರ್, ಫಿಲಿಪ್ಸ್ ಎಕ್ಸ್‌ಟ್ರೀಮ್ ವಿಷನ್ ಥರದ ಬಲ್ಬುಗಳು ಬರುತ್ತವೆ. ವಾಟ್ ಬದಲಾಗದೆ ಇರುವುದರಿಂದ ವೈರಿಂಗಿಗೂ ಕಾನೂನಿಗೂ ತೊಂದರೆ ಇಲ್ಲ. ಡಬ್ಬಿಯ ಮೇಲೆ ‘130% ಜಾಸ್ತಿ’, ‘150% ಜಾಸ್ತಿ’ ಅಂತ ಇರುತ್ತದೆ. ಒಟ್ಟು ಬೆಳಕು ಅಷ್ಟು ಜಾಸ್ತಿಯಾಗುತ್ತದೆ ಅಂತ ಅರ್ಥ ಅಲ್ಲ. ಕನಿಷ್ಠ ಇಷ್ಟಿರಬೇಕು ಅಂತ ಕಾನೂನು ಹೇಳುವ ಬೆಳಕಿಗೆ ಹೋಲಿಸಿ, ರಸ್ತೆಯ ಒಂದು ನಿರ್ದಿಷ್ಟ ಜಾಗದಲ್ಲಿ ಬೀಳುವ ಬೆಳಕಿನ ಲೆಕ್ಕ ಅದು. ಆದರೂ ದೂರದ ಬೆಳಕು ಕಣ್ಣಿಗೆ ಕಾಣುವಷ್ಟು ಉತ್ತಮವಾಗುತ್ತದೆ. ಬೆಲೆ ಜಾಸ್ತಿ, ಬಾಳಿಕೆ ಕಡಿಮೆ. ನೀಲಿ ಬಣ್ಣ ಬಳಿದ ‘ಬಿಳಿ’ ಹ್ಯಾಲೊಜೆನ್ ಮಾತ್ರ ಬೇಡ. ಆ ನೀಲಿ ಬಣ್ಣ ಬೆಳಕನ್ನೇ ನುಂಗುತ್ತದೆ. ಹಾಕುವಾಗ ಗಾಜಿಗೆ ಬೆರಳು ತಾಗಿಸಬೇಡಿ. ಕೈಯ ಎಣ್ಣೆ ಅಂಟಿದ ಜಾಗ ಕಾದು ಗಾಜು ಬೇಗ ಹಾಳಾಗುತ್ತದೆ.

ಇಷ್ಟೆಲ್ಲ ಮಾಡಿ ಲೈಟಿನ ಮಟ್ಟ ಸರಿ ಮಾಡಿಸದಿದ್ದರೆ ಎಲ್ಲ ವ್ಯರ್ಥ. ಹೆಡ್‌ಲೈಟ್ ನೆಲದಿಂದ 70 ಸೆಂಟಿಮೀಟರ್ ಎತ್ತರ ಇದೆ ಅಂದುಕೊಳ್ಳಿ. ಡಿಮ್ ಗೆರೆ ಹತ್ತು ಮೀಟರಿಗೆ 10 ಸೆಂಟಿಮೀಟರ್ ಇಳಿಯುವಂತಿದ್ದರೆ ಬೆಳಕು 70 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. 15 ಇಳಿದರೆ 47 ಮೀಟರಿಗೇ ಮುಗಿಯಿತು. ಬರೀ ಐದು ಸೆಂಟಿಮೀಟರಿಗೆ ರಸ್ತೆಯ ಮೇಲೆ 23 ಮೀಟರ್! ಯಾವ ಬಲ್ಬೂ ಅಷ್ಟು ಕೊಡಲ್ಲ. ಟೈರಿನ ಗಾಳಿ ಸರಿ ಇಟ್ಟುಕೊಂಡು, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಸಮತಟ್ಟು ಜಾಗದಲ್ಲಿ ಗೋಡೆಯಿಂದ ಹತ್ತು ಮೀಟರ್ ದೂರ ನಿಲ್ಲಿಸಿ. ಲೈಟಿನ ನಡುಮಧ್ಯದ ಎತ್ತರವನ್ನು ಗೋಡೆಗೆ ಗುರುತು ಹಾಕಿ. ಡಿಮ್ ಗೆರೆ ಅದಕ್ಕಿಂತ 10ರಿಂದ 13 ಸೆಂಟಿಮೀಟರ್ ಕೆಳಗಿರಲಿ. ಹೆಡ್‌ಲೈಟಿನ ಹಿಂದೆ ಇದಕ್ಕೆಂದೇ ಸ್ಕ್ರೂ ಇರುತ್ತದೆ.

ಸ್ಟೀರಿಂಗ್ ಬಲಗಡೆ ಪುಟ್ಟ ಚಕ್ರ ಇದ್ದು, ಅದರ ಮೇಲೆ 0, 1, 2 ಅಂತ ನಂಬರ್ ಇದೆಯಾ ನೋಡಿ. ಅದು ಲೈಟಿನ ಮಟ್ಟ ಇಳಿಸುವ ಚಕ್ರ. ಒಬ್ಬರೇ ಇದ್ದಾಗ 0. ಹಿಂದೆ ಮೂರು ಜನ, ಡಿಕ್ಕಿಯಲ್ಲಿ ಹಾಸ್ಟೆಲ್ ಸಾಮಾನು ಇದ್ದಾಗ ಗಾಡಿಯ ಮೂತಿ ಏಳುತ್ತದೆ, ಆಗ ಮೇಲಿನ ನಂಬರಿಗೆ ತಿರುಗಿಸಬೇಕು. ಎಷ್ಟೋ ಗಾಡಿಗಳಲ್ಲಿ ಅದು ಯಾವಾಗಲೋ ಕೈತಾಗಿ 3ಕ್ಕೋ 4ಕ್ಕೋ ಹೋಗಿ ಅಲ್ಲೇ ಉಳಿದಿರುತ್ತದೆ. ಬೆಳಕು ಸಾಲದು ಅಂತ ಗ್ಯಾರೇಜಿಗೆ ಬಂದವರಲ್ಲಿ ಅದನ್ನು 0ಗೆ ತಿರುಗಿಸಿ ವಾಪಸ್ ಕಳಿಸಿದ್ದೂ ಉಂಟು.

ಇಷ್ಟು ಮಾಡಿದ ಮೇಲೂ ಎಲ್‌ಇಡಿಯೇ ಬೇಕು ಅನ್ನಿಸಿದರೆ? ಜರ್ಮನಿಯಲ್ಲಿ 2020ರಲ್ಲಿ ಆಸ್ರಮ್ ಕಂಪನಿಯ ಎಚ್7 ಅನ್ನುವ ಇನ್ನೊಂದು ಮಾದರಿಯ ಎಲ್‌ಇಡಿ ಬಲ್ಬಿಗೆ ರಸ್ತೆಗೆ ಇಳಿಯಲು ಒಪ್ಪಿಗೆ ಸಿಕ್ಕಿತು. ಆದರೆ ಎಲ್ಲ ಗಾಡಿಗೂ ಅಲ್ಲ. ಯಾವ ಮಾಡೆಲಿನ ಯಾವ ಹೆಡ್‌ಲೈಟಿನಲ್ಲಿ ಪರೀಕ್ಷೆ ಮಾಡಿದ್ದಾರೋ ಆ ಪಟ್ಟಿಯಲ್ಲಿರುವ ಗಾಡಿಗೆ ಮಾತ್ರ. ಬಲ್ಬು, ಹೆಡ್‌ಲೈಟು ಎರಡನ್ನೂ ಜೋಡಿಯಾಗಿಯೇ ನೋಡಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆ ಒಪ್ಪಿಗೆ ಇಲ್ಲಿ ನಡೆಯಲ್ಲ, ಮತ್ತು ಡಬ್ಬಿ ಮೇಲೆ ‘ಯುರೋಪಿಯನ್ ಸ್ಟ್ಯಾಂಡರ್ಡ್’ ಅಂತ ಬರೆದ ಮಾತ್ರಕ್ಕೆ ಅದು ಆ ಬಲ್ಬು ಆಗುವುದೂ ಇಲ್ಲ.

ಪ್ರೊಜೆಕ್ಟರ್ ಹೆಡ್‌ಲೈಟ್ (ಬಲ್ಬಿನ ಮುಂದೆ ಉಬ್ಬಿದ ಲೆನ್ಸ್ ಇರುವಂಥದ್ದು) ಇರುವ ಕಾರುಗಳಲ್ಲಿ ಗೆರೆ ಮೂಡಿಸುವುದು ಒಳಗಿರುವ ತಗಡಿನ ಪರದೆ, ಬಲ್ಬಲ್ಲ. ಅಲ್ಲಿ ಎಲ್‌ಇಡಿ ಹಾಕಿದರೆ ಎದುರಿನವರಿಗೆ ಅಷ್ಟು ಹಿಂಸೆ ಆಗುವುದಿಲ್ಲ, ದೂರದ ಬೆಳಕು ಮಾತ್ರ ಕಡಿಮೆಯಾಗಬಹುದು. ನಿಮ್ಮದು ರಿಫ್ಲೆಕ್ಟರ್, ಆ ಮಾತು ನಿಮಗೆ ಅನ್ವಯಿಸಲ್ಲ. ಹೆಡ್‌ಲೈಟ್ ಬಿಚ್ಚಿ ಒಳಗೆ ಬೈ-ಎಲ್‌ಇಡಿ (ಡಿಮ್, ಬ್ರೈಟ್ ಎರಡೂ ಒಂದರಲ್ಲೇ ಇರುವ) ಪ್ರೊಜೆಕ್ಟರ್ ಕೂರಿಸಿಕೊಡುವವರು ಬೆಂಗಳೂರಿನಲ್ಲಿ ಇದ್ದಾರೆ. ಕೈಚಳಕ ಇರುವವರು ಮಾಡಿದರೆ ರಸ್ತೆಯ ಮೇಲೆ ಬೆಳಕು ನಿಜವಾಗಿಯೂ ಚೆನ್ನಾಗಿ ಬೀಳುತ್ತದೆ. ಆದರೆ ಬಿಸಿ ಮಾಡಿ ಬಿಚ್ಚಿದ ಅಂಟನ್ನು ಮತ್ತೆ ಸರಿಯಾಗಿ ಕೂರಿಸದಿದ್ದರೆ ಮೊದಲ ಮಳೆಗೇ ನೀರು ಒಳಗೆ. ಖರ್ಚೂ ಜಾಸ್ತಿ, ಕಾನೂನಿನ ಪ್ರಶ್ನೆಯೂ ಹಾಗೇ ಉಳಿಯುತ್ತದೆ. ಮೂಡಿಗೆರೆಯ ಮಳೆಗಾಲಕ್ಕೆ ನಾನಂತೂ ಅದನ್ನು ಹೇಳಲ್ಲ.

ಕೊನೆಗೆ ಎದುರಿನ ಬೆಳಕಿನ ಕಾಟ. ಇದಕ್ಕೆ ಗಾಡಿಯಲ್ಲಿ ಮಾಡುವ ಕೆಲಸ ಒಂದೇ, ವಿಂಡ್‌ಶೀಲ್ಡ್. ಹೊರಗಿನದು ಎಲ್ಲರೂ ತೊಳೆಯುತ್ತಾರೆ, ಒಳಮೈ ಯಾರೂ ಒರೆಸಲ್ಲ. ಡ್ಯಾಶ್‌ಬೋರ್ಡ್ ಪಾಲಿಶ್, ಉಸಿರು, ಧೂಳು ಸೇರಿ ಅಲ್ಲಿ ಎಣ್ಣೆಯ ಪದರ ಕಟ್ಟಿರುತ್ತದೆ. ಎದುರಿನ ಲೈಟು ಬಿದ್ದ ಕೂಡಲೇ ಇಡೀ ಗಾಜು ಬೆಳ್ಳಗಾಗುವುದು ಅದರಿಂದ. ಗ್ಲಾಸ್ ಕ್ಲೀನರ್ ಹಾಕಿ ಒಣ ಬಟ್ಟೆಯಲ್ಲಿ ಎರಡು ಸಲ ಒರೆಸಿ. ವೈಪರ್ ರಬ್ಬರ್ ಗೆರೆ ಬಿಡುತ್ತಿದ್ದರೆ ಮಳೆಗಾಲಕ್ಕೆ ಮುಂಚೆ ಬದಲಾಯಿಸಿ. ಓಡಿಸುವಾಗ ಎದುರಿನ ಲೈಟನ್ನು ನೋಡದೆ ಎಡಗಡೆಯ ಬಿಳಿ ಪಟ್ಟಿಯ ಮೇಲೆ ಕಣ್ಣಿಡಿ.

ಉಳಿದದ್ದು ಕಣ್ಣಿನ ವಿಷಯ, ಅದು ನನ್ನ ಕಸುಬಲ್ಲ. ಆದರೂ ಗ್ರಾಹಕರೊಂದಿಗೆ ಮಾತಾಡುತ್ತಾ ಕಂಡುಕೊಂಡದ್ದು ಹೇಳುತ್ತೇನೆ. ಬೆಳಕು ಸಾಲದು ಅಂತ ಬರುವವರಲ್ಲಿ ಐವತ್ತು ದಾಟಿದವರು ಜಾಸ್ತಿ. ವಯಸ್ಸಾದಂತೆ ಕಣ್ಣಿನೊಳಗೆ ಹೋಗುವ ಬೆಳಕೇ ಕಡಿಮೆಯಾಗುತ್ತದೆ, ಕಣ್ಣು ಕುಕ್ಕಿದ ಮೇಲೆ ಸುಧಾರಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಪೊರೆ ಶುರುವಾಗಿದ್ದರಂತೂ ಎದುರಿನ ಲೈಟಿನ ಸುತ್ತ ಬೆಳಕಿನ ಬಳೆ ಕಾಣಿಸುತ್ತದೆ. ‘ಸ್ವಲ್ಪ ಹೊತ್ತು ಕಣ್ಣು ಕತ್ತಲೆ ಕಟ್ಟುತ್ತದೆ’ ಅಂತ ನೀವೇ ಬರೆದಿದ್ದೀರಿ. ಬಲ್ಬ್ ಅಂಗಡಿಗೆ ಹೋಗುವ ಮುಂಚೆ ಒಂದು ಸಲ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ರಾತ್ರಿ ಘಾಟಿಯಲ್ಲಿ ಗಾಡಿ ಓಡಿಸುತ್ತೇನೆ ಅಂತ ಹೇಳಿಯೇ ತೋರಿಸಿಕೊಳ್ಳಿ. ಕನ್ನಡಕ ಬರೆದುಕೊಟ್ಟರೆ ಪ್ರತಿಫಲನ ತಡೆಯುವ ಲೇಪ ಇರುವ ಗಾಜು ಕೇಳಿ. ರಾತ್ರಿ ಡ್ರೈವಿಂಗ್‌ಗೆ ಅಂತ ಮಾರುವ ಹಳದಿ ಕನ್ನಡಕ ಬೇಡ, ಕಡಿಮೆ ಇರುವ ಬೆಳಕನ್ನು ಅದು ಇನ್ನಷ್ಟು ಕಡಿಮೆ ಮಾಡುತ್ತದೆ.